ಕಂಸಾಳೆ ಕೇಳಿದ ಕಿವಿಗೆ ಯಾವ ಆಲ್ಬಂ?

ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಬೀಳುತ್ತದೆ. ಬೆರಳೆಣಿಕೆಯ ಬಸ್ಸು, ಆಂಬುಲೆನ್ಸು ಬಿಟ್ಟರೆ ಬೆಳಿಗ್ಗೆ ಆರರವರೆಗೆ ಊಟಿ ಕಡೆಗೂ ಗಾಡಿ ಇಲ್ಲ, ಸುಲ್ತಾನ್ ಬತ್ತೇರಿ ಕಡೆಗೂ ಇಲ್ಲ. 2009ರಲ್ಲಿ ಕಾಡುಪ್ರಾಣಿಗಳಿಗಾಗಿ ಬಂದ ಈ ನಿರ್ಬಂಧದಿಂದ ಗುಂಡ್ಲುಪೇಟೆಯ ಸಂಗೀತಪ್ರಿಯರಿಗೂ ಒಂದು ಉಪಕಾರವಾಗಿದೆ. ಹತ್ತು ಗಂಟೆ ದಾಟಿದರೆ ಹೆದ್ದಾರಿ ಪಕ್ಕದ ಮನೆಯಲ್ಲೂ ಫ್ಯಾನಿನ ಸದ್ದು ಬೇರೆಯಾಗಿ ಕೇಳಿಸತೊಡಗುತ್ತದೆ. ಫ್ಯಾನ್ ಆರಿಸಿ, ಫ್ರಿಜ್ ಇರುವ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಕೂತರೆ, ದೊಡ್ಡ ಊರಿನವರು ದುಡ್ಡು ಕೊಟ್ಟು ಕಟ್ಟಿಸಿಕೊಳ್ಳುವ ನಿಶ್ಶಬ್ದ ನಮಗೆ ಪುಕ್ಕಟೆ ಸಿಗುತ್ತದೆ. ಒಳ್ಳೆಯ ಧ್ವನಿಮುದ್ರಣ ಕೇಳಲು ಮೊದಲು ಬೇಕಾದದ್ದು ಇದೇ. ಹಾಡಿನ ಅತಿ ಮೆಲುದನಿ ಕೋಣೆಯ ಗದ್ದಲಕ್ಕಿಂತ ಮೇಲಿರಬೇಕು. ಇಲ್ಲದಿದ್ದರೆ ಎಷ್ಟು ದುಬಾರಿ ಸ್ಪೀಕರ್ ತಂದರೂ ಅರ್ಧ ಸಂಗೀತ ನಿಮ್ಮ ಕಿವಿಗೆ ಬರುವುದೇ ಇಲ್ಲ.

ಹೊಸ ಸ್ಪೀಕರ್ ಜೋಡಿ ತಂದ ನಮ್ಮ ಬೀದಿಯ ಹುಡುಗನೊಬ್ಬ ಒಂದು ಸಂಜೆ ಬಂದು, "ಅಣ್ಣ, ಇದ್ರಲ್ಲಿ ಯಾವ್ ಹಾಡ್ ಹಾಕ್ ನೋಡದು?" ಎಂದು ಕೇಳಿದ. ಅವನ ಫೋನಿನಲ್ಲಿ ಆಡಿಯೋಫೈಲ್‌ಗಳು ಮೆಚ್ಚುವ ಆಲ್ಬಂಗಳ ಉದ್ದದ ಪಟ್ಟಿ ಇತ್ತು. ಎಲ್ಲವೂ ಹೊರದೇಶದವು. ಪಟ್ಟಿ ಕೆಟ್ಟದ್ದೇನಲ್ಲ, ಅದರೊಳಗಿನ ಒಂದೆರಡನ್ನು ನಾನೂ ಇಲ್ಲಿ ಹೇಳಲಿದ್ದೇನೆ. ಆದರೆ ಸ್ಟಾಕ್‌ಹೋಮಿನ ಕ್ಲಬ್ಬಿನಲ್ಲಿ ಸ್ಯಾಕ್ಸೋಫೋನು ನಿಜವಾಗಿ ಹೇಗೆ ಕೇಳುತ್ತದೆಂದು ಆ ಹುಡುಗನಿಗೆ ಗೊತ್ತಿಲ್ಲ. ಹಾಗಿರುವಾಗ ಸ್ಪೀಕರ್ ಅದನ್ನು ಸರಿಯಾಗಿ ನುಡಿಸಿತೋ ಇಲ್ಲವೋ ಎಂದು ಹೇಗೆ ಹೇಳಿಯಾನು? ಕಂಸಾಳೆ ಹೇಗೆ ಕೇಳುತ್ತದೆಂದು ಮಾತ್ರ ಅವನಿಗೆ ಚೆನ್ನಾಗಿ ಗೊತ್ತು. ಹುಟ್ಟಿದಾಗಿನಿಂದ ಕೇಳಿದ್ದಾನೆ. ನೀವು ಮೈಕಿಲ್ಲದೆ, ಎದುರು ನಿಂತು ಕೇಳಿರುವ ಸದ್ದೇ ನಿಮ್ಮ ಅಳತೆಗೋಲು. ಆಲ್ಬಂ ಆರಿಸುವುದು ಆಮೇಲೆ.

ಕಂಸಾಳೆಗಿಂತ ಕಠಿಣವಾದ ಪರೀಕ್ಷೆ ಸಿಗುವುದು ಕಷ್ಟ. ಎಡಗೈಯಲ್ಲಿ ಬಟ್ಟಲಿನಾಕಾರದ ಕಂಚು, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ಕಂಚು. ಎರಡೂ ತಾಕಿದ ಕ್ಷಣ ಚೂಪಾದ ಒಂದು ಹೊಡೆತ, ಹಿಂದೆಯೇ ಹಲವು ಎಳೆಗಳಾಗಿ ಬಿಚ್ಚಿಕೊಳ್ಳುವ ನಾದ. ಬೀಸು ಕಂಸಾಳೆಯಲ್ಲಂತೂ ಮಲೆ ಮಹದೇಶ್ವರನ, ಅಂದರೆ ನಮ್ಮ ಮಾದಪ್ಪನ, ಹಾಡು ಹಾಡುವ ದೇವರಗುಡ್ಡರು ತಿರುಗುತ್ತ, ಬಗ್ಗುತ್ತ, ತಲೆಯ ಮೇಲೆ ಬೀಸುತ್ತ ಹೊಡೆಯುವುದರಿಂದ ಸದ್ದು ನಿಂತಲ್ಲಿ ನಿಲ್ಲುವುದಿಲ್ಲ. ಒಳ್ಳೆಯ ಮುದ್ರಣ, ಒಳ್ಳೆಯ ಸ್ಪೀಕರ್ ಇದ್ದರೆ ಮೂರು ಸಂಗತಿ ಕೇಳಬೇಕು: ಹೊಡೆತದ ಅಂಚು, ಕಂಚಿನ ನಾದ ಆರುವ ಬಗೆ, ಸದ್ದು ಎಡದಿಂದ ಬಲಕ್ಕೆ ಹೋದ ಜಾಡು. ಕೆಟ್ಟ ವ್ಯವಸ್ಥೆಯಲ್ಲಿ ಇದು ತಗಡು ಬಡಿದಂತೆಯೋ, ಪ್ಲಾಸ್ಟಿಕ್ ಕವರ್ ಮುದುಡಿದಂತೆಯೋ ಕೇಳುತ್ತದೆ.

ಇದು ನಮ್ಮೂರಿನ ಅಭಿಮಾನದ ಮಾತು ಮಾತ್ರವಲ್ಲ. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟ 1988ರಲ್ಲಿ ಧ್ವನಿಯ ಗುಣಮಟ್ಟ ಅಳೆಯಲೆಂದೇ ಒಂದು ಸಿಡಿ ತಂದಿತು. ಅದರ 27ನೇ ಟ್ರ್ಯಾಕಿನಲ್ಲಿರುವುದು ಸ್ಪೇನಿನ ಕ್ಯಾಸ್ಟನೆಟ್, ಅಂಗೈಯಲ್ಲಿ ಹಿಡಿದು ಕಟಕಟ ಬಡಿಯುವ ಮರದ ಚಿಪ್ಪು. ಎಂಪಿ3ಯಂಥ ಸಂಕುಚನ ವಿಧಾನಗಳು ಮುಗ್ಗರಿಸುವುದು ಇಂಥ ಸದ್ದಿನಲ್ಲೇ. ಅವು ಸದ್ದನ್ನು ತುಂಡು ತುಂಡಾಗಿ ಕತ್ತರಿಸಿ ಲೆಕ್ಕ ಹಾಕುತ್ತವೆ. ಒಂದು ತುಂಡಿನ ನಡುವೆ ದಿಢೀರನೆ ಹೊಡೆತ ಬಂದರೆ ಲೆಕ್ಕದ ತಪ್ಪು ಇಡೀ ತುಂಡಿಗೆ ಹರಡಿ, ಹೊಡೆತಕ್ಕೂ ಮುಂಚೆಯೇ ಮಸುಕಾದ ಸರಸರ ಸದ್ದು ಕೇಳುತ್ತದೆ. ಜೊತೆಗೆ 128 ಕೆಬಿಪಿಎಸ್‌ನ ಎಂಪಿ3 ಸಾಮಾನ್ಯವಾಗಿ 16 ಕಿಲೋಹರ್ಟ್ಸ್‌ಗಿಂತ ಮೇಲಿನದ್ದನ್ನು ಕತ್ತರಿಸಿಯೇ ಬಿಡುತ್ತದೆ. ಮಹದೇಶ್ವರ ಬೆಟ್ಟದ ಅಂಗಡಿಗಳಲ್ಲಿ ಹಿಂದೆ ಮಾರುತ್ತಿದ್ದ, ಒಂದೇ ಸಿಡಿಯಲ್ಲಿ ನೂರಾರು ಹಾಡು ತುಂಬಿದ ಎಂಪಿ3 ತಟ್ಟೆಗಳಲ್ಲಿ ಮಾದಪ್ಪನ ಹಾಡಿನ ಕಂಸಾಳೆ ಮಂಕಾಗಿ ಕೇಳುತ್ತಿದ್ದುದಕ್ಕೆ ಹಾಡಿದವರು ಕಾರಣರಲ್ಲ.

ಹಾಗಾಗಿ ಸ್ಪೀಕರ್ ಬದಲಿಸುವ ಮೊದಲು ಫೈಲು ಬದಲಿಸಿ. ಸಿಡಿಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಮಾಹಿತಿ ಇರುತ್ತದೆ. 128ರ ಎಂಪಿ3ಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಹಳೆಯ ಸಿಡಿ ಇದ್ದರೆ ಎಸೆಯಬೇಡಿ, ಕಂಪ್ಯೂಟರಿನಲ್ಲಿ ಫ್ಲಾಕ್ ಮಾದರಿಗೆ ಇಳಿಸಿಕೊಳ್ಳಿ. ಅದರಲ್ಲಿ ಏನೂ ಕಳೆದುಹೋಗುವುದಿಲ್ಲ. ಆಪಲ್ ಮ್ಯೂಸಿಕ್ 2021ರಿಂದ ಹೆಚ್ಚುವರಿ ಹಣವಿಲ್ಲದೆ ಲಾಸ್‌ಲೆಸ್, ಅಂದರೆ ಹೀಗೆ ಏನೂ ಕಳೆಯದ ಹಾಡು, ಕೊಡುತ್ತಿದೆ, ಆದರೆ ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ಅದನ್ನು ಆನ್ ಮಾಡಬೇಕು. ಮತ್ತೊಂದು ಮಾತು: ಬ್ಲೂಟೂತ್ ದಾರಿಯಲ್ಲಿ ಹಾಡು ಮತ್ತೊಮ್ಮೆ ಹಿಂಡಿಸಿಕೊಳ್ಳುತ್ತದೆ. ಗಮನವಿಟ್ಟು ಕೇಳುವ ಹೊತ್ತಿನಲ್ಲಾದರೂ ವೈರು ಚುಚ್ಚಿ. ಕೈಯಲ್ಲಿ ಹಣ ಕಡಿಮೆ ಇದ್ದರೆ ಅಗ್ಗದ ಸ್ಪೀಕರಿಗಿಂತ ಒಳ್ಳೆಯ ವೈರ್ಡ್ ಹೆಡ್‌ಫೋನೇ ವಾಸಿ. ಅದಕ್ಕೆ ಕೋಣೆಯ ಹಂಗಿಲ್ಲ.

ಕಂಚಾದ ಮೇಲೆ ಕಂಠ. ಎಂಪಿ3 ರೂಪಿಸುತ್ತಿದ್ದಾಗ ಜರ್ಮನಿಯ ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬರ್ಗ್ ಮತ್ತೆ ಮತ್ತೆ ಕೇಳಿದ್ದು ಸುಝಾನ್ ವೇಗಾ ಹಾಡಿದ 'ಟಾಮ್ಸ್ ಡೈನರ್'. 1987ರ 'ಸಾಲಿಟ್ಯೂಡ್ ಸ್ಟ್ಯಾಂಡಿಂಗ್' ಆಲ್ಬಂನಲ್ಲಿರುವ ಆ ಹಾಡಿಗೆ ಯಾವ ಪಕ್ಕವಾದ್ಯವೂ ಇಲ್ಲ, ಒಂದೇ ಒಂದು ಹೆಣ್ಣುದನಿ. ಮೊದಮೊದಲು ಆ ದನಿ ಹಾಳಾಗಿ ಕೇಳಿತಂತೆ. ಮನುಷ್ಯರ ಗಂಟಲನ್ನು ನಮ್ಮ ಕಿವಿ ಬಲ್ಲಷ್ಟು ಬೇರೆ ಯಾವ ವಾದ್ಯವನ್ನೂ ಬಲ್ಲದು. ಅಲ್ಲಿ ಮೋಸ ನಡೆಯುವುದಿಲ್ಲ.

ನಮ್ಮ ಸೀಮೆಯವರಿಗೆ ಆ ದನಿ ರಾಜ್‌ಕುಮಾರ್ ಅವರದು. ಚಾಮರಾಜನಗರದಿಂದ ರಾಜ್ಯದ ಗಡಿ ದಾಟಿದರೆ ಸಿಗುವ ತಾಳವಾಡಿ ಸೀಮೆಯ ಗಾಜನೂರಿನವರು, ಕಂಪನಿ ನಾಟಕದ ರಂಗದ ಮೇಲೆ ಪಳಗಿದ ಕಂಠ. 'ಜೀವನ ಚೈತ್ರ'ದ 'ನಾದಮಯ' ಹಾಡಿಗೆ ಅವರಿಗೆ 1992ನೇ ಸಾಲಿನ ಅತ್ಯುತ್ತಮ ಹಿನ್ನೆಲೆ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಸಂಗೀತ ಉಪೇಂದ್ರಕುಮಾರ್ ಅವರದು, ರಾಗ ತೋಡಿ. ಅದನ್ನು ಹಾಕಿ ಕಣ್ಣು ಮುಚ್ಚಿ. ಮಂದ್ರಕ್ಕೆ ಇಳಿದಾಗ ಎದೆಯ ಗುಂಗು ಕೇಳಬೇಕು, ಆದರೆ ಡ್ರಮ್ಮಿನೊಳಗಿಂದ ಹಾಡಿದಂತೆ ಊದಿಕೊಳ್ಳಬಾರದು. ಮೂಗಿನ ಆ ಸಣ್ಣ ಅನುರಣನ ಅವರದೇ ಗುರುತು. ಅದು ಕಾಣೆಯಾದರೆ ನಿಮ್ಮ ಸ್ಪೀಕರಿನ ನಡುದನಿ ಸೊರಗಿದೆ ಎಂದರ್ಥ. 'ಸ' ಅಕ್ಷರ ಕಿವಿಗೆ ಚುಚ್ಚಿದರೆ ಮೇಲ್ದನಿ ಅತಿಯಾಗಿದೆ. ಟೋನ್ ಗುಂಡಿಗಳನ್ನೆಲ್ಲ ನಡುವಿಗೆ ತಂದು, ಈ ಒಂದು ಹಾಡಿನಿಂದಲೇ ಸ್ಪೀಕರ್ ಇಡುವ ಜಾಗವನ್ನು ತೀರ್ಮಾನಿಸಬಹುದು.

ಇನ್ನು ಒಂದೇ ಒಂದು ಆಲ್ಬಂ ಹೇಳಿ ಎಂದರೆ ನಾನು ಹೇಳುವುದು 'ಎ ಮೀಟಿಂಗ್ ಬೈ ದ ರಿವರ್'. ಜೈಪುರದ ವಿಶ್ವಮೋಹನ ಭಟ್ಟರ ಮೋಹನವೀಣೆ, ಅಮೆರಿಕದ ರೈ ಕೂಡರ್ ಅವರ ಸ್ಲೈಡ್ ಗಿಟಾರ್, ಸುಖ್ವಿಂದರ್ ಸಿಂಗ್ ನಾಮಧಾರಿ ಅವರ ತಬಲ, ಜೊತೆಗೆ ಆಗಿನ್ನೂ ಹುಡುಗನಾಗಿದ್ದ ಕೂಡರ್ ಮಗ ಜೋಕಿಮ್ ನುಡಿಸಿದ ದುಂಬೆಕ್ ಎಂಬ ಚರ್ಮವಾದ್ಯ. ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಒಂದು ಚರ್ಚಿನಲ್ಲಿ 1992ರ ಸೆಪ್ಟೆಂಬರಿನಲ್ಲಿ ಮುದ್ರಣವಾಯಿತು. ಮುಖ್ಯ ವಾದಕರಿಬ್ಬರೂ ಮೊದಲ ಸಲ ಭೇಟಿಯಾದದ್ದೇ ಅದಕ್ಕೆ ಕೊಂಚ ಮುಂಚೆ. ಮುಂದೆ ಅದಕ್ಕೆ ಗ್ರ್ಯಾಮಿ ಬಂತು. ವಾಟರ್ ಲಿಲಿ ಅಕೌಸ್ಟಿಕ್ಸ್‌ನ ಕವಿ ಅಲೆಕ್ಸಾಂಡರ್ ಅದನ್ನು ಮುದ್ರಿಸಿದ ರೀತಿಯನ್ನು ಗಮನಿಸಬೇಕು. ವಾದ್ಯಕ್ಕೊಂದು ಮೈಕು ಇಟ್ಟು ಆಮೇಲೆ ಬೆರೆಸಲಿಲ್ಲ. ಒಂದೇ ಕಡೆ ಎರಡು ಮೈಕುಗಳನ್ನು ಅಡ್ಡಡ್ಡಲಾಗಿ ನಿಲ್ಲಿಸಿ, ವಾಲ್ವ್ ಉಪಕರಣಗಳ ಮೂಲಕ ನೇರವಾಗಿ ಟೇಪಿಗೆ ಇಳಿಸಿದರು. 1931ರಲ್ಲಿ ಸ್ಟೀರಿಯೋಗೆ ಪೇಟೆಂಟ್ ಅರ್ಜಿ ಹಾಕಿದ ಇಂಗ್ಲೆಂಡಿನ ಅಲನ್ ಬ್ಲಮ್‌ಲೈನ್ ಹೆಸರಿನಲ್ಲಿರುವ ವಿಧಾನ ಅದು. ಎರಡು ಕಿವಿಗೆ ಎರಡು ಮೈಕು. ಹಾಗಾಗಿ ಮೋಹನವೀಣೆ ಎಲ್ಲಿತ್ತು, ಗಿಟಾರ್ ಎಷ್ಟು ದೂರದಲ್ಲಿತ್ತು, ಮೇಲೆ ಚರ್ಚಿನ ಚಾವಣಿ ಎಷ್ಟು ಎತ್ತರವಿತ್ತು ಎಂಬುದೆಲ್ಲ ಕಿವಿಗೆ ಕಾಣುತ್ತದೆ. ಬೆರಳು ತಂತಿ ಬಿಟ್ಟ ಮೇಲೂ ನಾದ ಆ ಜಾಗದಲ್ಲಿ ಸುತ್ತಾಡಿ ಆರುತ್ತದೆ. ನಮ್ಮ ಕದ್ರಿ ಗೋಪಾಲನಾಥರು ಅಮೆರಿಕದ ಕೊಳಲುವಾದಕ ಜೇಮ್ಸ್ ನ್ಯೂಟನ್ ಜೊತೆ ನುಡಿಸಿದ 'ಸದರ್ನ್ ಬ್ರದರ್ಸ್' ಕೂಡ ಇದೇ ಸಂಸ್ಥೆಯದು. ಮಂಗಳೂರು ಸೀಮೆಯ ಸ್ಯಾಕ್ಸೋಫೋನು ಉಸಿರಿನ ಸಮೇತ ಕೇಳಬೇಕೆನ್ನುವವರು ಅದನ್ನು ಹುಡುಕಿ.

ಉಳಿದವುಗಳನ್ನು ಬೇಗ ಹೇಳಿಬಿಡುತ್ತೇನೆ. 1967ರ 'ಕಾಲ್ ಆಫ್ ದ ವ್ಯಾಲಿ': ಶಿವಕುಮಾರ ಶರ್ಮರ ಸಂತೂರು, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜಭೂಷಣ ಕಾಬ್ರಾ ಅವರ ಗಿಟಾರ್. ಮೂರು ವಾದ್ಯಗಳ ಜಾಗ ಬೇರೆ ಬೇರೆಯಾಗಿ ತಿಳಿಯುತ್ತದೆಯೇ ನೋಡಿ. ತಗ್ಗುದನಿಗೆ ಇಳಯರಾಜ. 1981ರ 'ಗೀತಾ', 1983ರ 'ಪಲ್ಲವಿ ಅನುಪಲ್ಲವಿ', ಈ ಎರಡು ಕನ್ನಡ ಚಿತ್ರಗಳಲ್ಲಿ ಬೇಸ್ ಗಿಟಾರು ತಾಳ ಹಿಡಿದು ಕೂರುವುದಿಲ್ಲ, ತಾನೇ ಒಂದು ರಾಗ ಹಾಡುತ್ತಿರುತ್ತದೆ. ಅದರ ಒಂದೊಂದು ಸ್ವರವನ್ನೂ ಗುನುಗಲು ಬಂದರೆ ನಿಮ್ಮ ಸ್ಪೀಕರಿನ ಬೇಸ್ ಸರಿಯಿದೆ. ಬರೀ ಗುಮ್ ಗುಮ್ ಎಂದರೆ ಇಲ್ಲ. ಚಾಮರಾಜನಗರದ ಆಟೋಗಳಲ್ಲಿ ಬೇಸ್ ಎಂದು ಮೆರೆಯುವುದು ಬಹುಪಾಲು ಈ ಎರಡನೆಯದು. 1986ರ 'ಹೌ ಟು ನೇಮ್ ಇಟ್' ಆಲ್ಬಂನಲ್ಲಿ ಅದೇ ಇಳಯರಾಜ ಪಿಟೀಲು ತಂಡವನ್ನು ನುಡಿಸಿದ್ದಾರೆ. ಅಲ್ಲಿ ಪಿಟೀಲು ಕೀರಲಾಗಬಾರದು. ಹೊರಗಿನದೊಂದು ಬೇಕೆಂದರೆ 'ಜಾಝ್ ಅಟ್ ದ ಪಾನ್‌ಶಾಪ್'. 1976ರಲ್ಲಿ ಸ್ಟಾಕ್‌ಹೋಮಿನ ಸ್ಟಾಂಪೆನ್ ಎಂಬ ಕ್ಲಬ್ಬಿನಲ್ಲಿ ಗೆರ್ಟ್ ಪಾಮ್‌ಕ್ರಾಂಟ್ಸ್ ಮುದ್ರಿಸಿದ್ದು. ವಾದ್ಯದ ಜೊತೆ ಗಿರಾಕಿಗಳ ಗ್ಲಾಸಿನ ಕಿಣಿಕಿಣಿ, ಮಾತು, ಚಪ್ಪಾಳೆ ಎಲ್ಲವೂ ಇದೆ. ಜಾತ್ರೆಯಲ್ಲಿ ನಿಂತು ಹಾಡು ಕೇಳಿದ ನಮಗೆ ಆ ಗದ್ದಲ ಅಡ್ಡಿಯೆನಿಸುವುದಿಲ್ಲ, ಜಾಗದ ಅಳತೆ ಕೊಡುತ್ತದೆ.

ಮನೆಯಲ್ಲಿ ಕ್ಯಾಸೆಟ್ ಉಳಿದಿರುವವರಿಗೆ ಒಂದು ಮಾತು. 1978ರಲ್ಲಿ ಬಂದ 'ನಿತ್ಯೋತ್ಸವ'ವನ್ನು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎನ್ನುತ್ತಾರೆ; ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿ ಅವರ ಸಂಗೀತ. ಅಂಥ ಕ್ಯಾಸೆಟ್ ಸಿಕ್ಕರೆ ನುಡಿಸುವ ಮೊದಲು ಪ್ಲೇಯರಿನ ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ, ಸುರುಳಿಯನ್ನು ಒಮ್ಮೆ ಪೂರ್ತಿ ಮುಂದಕ್ಕೂ ಹಿಂದಕ್ಕೂ ಓಡಿಸಿ. ದನಿ ಮಂಕಾಗಿದ್ದರೆ ಹೆಡ್ಡಿನ ಪಕ್ಕದ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೇಳಿ. ಒಂದು ಹಂತದಲ್ಲಿ ಪರದೆ ಸರಿದಂತೆ ದನಿ ತಿಳಿಯಾಗುತ್ತದೆ.

ಮಾದಪ್ಪನ ಹಾಡುಗಳ ಮೂರು ಸಿನಿಮಾ ರೂಪಗಳನ್ನು ಒಂದರ ಹಿಂದೊಂದು ಕೇಳುವುದು ನನ್ನ ಇಷ್ಟದ ಅಭ್ಯಾಸ. 1996ರ 'ಜನುಮದ ಜೋಡಿ'ಯಲ್ಲಿ ವಿ. ಮನೋಹರ್ ಸಂಗೀತಕ್ಕೆ ಎಲ್.ಎನ್. ಶಾಸ್ತ್ರಿ ಹಾಡಿದ 'ಕೋಲುಮಂಡೆ'. ಅವರಿಗೆ ರಾಜ್ಯಪ್ರಶಸ್ತಿ ತಂದ ಹಾಡು. 2008ರ 'ಸೈಕೋ' ಚಿತ್ರಕ್ಕೆ ರಘು ದೀಕ್ಷಿತ್ ಮಾಡಿದ ಮಹದೇಶ್ವರನ ಹಾಡು. 2021ರ 'ಗರುಡ ಗಮನ ವೃಷಭ ವಾಹನ'ದಲ್ಲಿ ಮಿಧುನ್ ಮುಕುಂದನ್ ಸಂಗೀತಕ್ಕೆ ಚೈತ್ರಾ ಆಚಾರ್ ಹಾಡಿದ 'ಸೋಜುಗಾದ ಸೂಜುಮಲ್ಲಿಗೆ'. ಮೂರರಲ್ಲೂ ವಾಲ್ಯೂಮನ್ನು ಒಂದೇ ಮಟ್ಟಕ್ಕೆ ಹೊಂದಿಸಿಕೊಂಡು ಕೇಳಿ, ಇದು ಬಹಳ ಮುಖ್ಯ. ಜೋರಾಗಿರುವುದು ಯಾವಾಗಲೂ ಚೆನ್ನಾಗಿದೆ ಎಂದೇ ಕಿವಿಗೆ ಅನಿಸುತ್ತದೆ. ಅಂಗಡಿಯಲ್ಲಿ ಸ್ಪೀಕರ್ ತೋರಿಸುವವರಿಗೆ ಇದು ಚೆನ್ನಾಗಿ ಗೊತ್ತು. ಮೆಲುದನಿಗೂ ಜೋರುದನಿಗೂ ಅಂತರ ಯಾವುದರಲ್ಲಿ ಉಳಿದಿದೆ, ಯಾವುದರಲ್ಲಿ ಎಲ್ಲವೂ ಒಂದೇ ಎತ್ತರಕ್ಕೆ ಬಂದಿದೆ ಎಂದು ಗಮನಿಸಿ. ತೊಂಬತ್ತರ ದಶಕದಿಂದೀಚೆಗೆ ಲೋಕದ ಎಲ್ಲೆಡೆ ಸಂಗೀತ ಕಂಪನಿಗಳು ತಮ್ಮ ಹಾಡೇ ಜೋರಾಗಿ ಕೇಳಲೆಂದು ಈ ಅಂತರವನ್ನು ಹಿಸುಕುತ್ತ ಬಂದವು. 96 ಡೆಸಿಬೆಲ್ ಅಂತರ ಹಿಡಿಯಬಲ್ಲ ಸಿಡಿಯಲ್ಲಿ ಹತ್ತು ಹನ್ನೆರಡನ್ನೂ ಬಳಸದ ಹಾಡುಗಳಿವೆ. ಒಂದು ಗಂಟೆ ಕೇಳಿದ ಮೇಲೆ ತಲೆ ಭಾರವಾದರೆ ಇದೇ ಕಾರಣವಿರಬಹುದು.

ಈ ಹುಚ್ಚು ನಮ್ಮ ಸೀಮೆಗೆ ಹೊಸದೂ ಅಲ್ಲ. ಚಾಮರಾಜನಗರ, ಗುಂಡ್ಲುಪೇಟೆಗಳೆರಡೂ ಮೈಸೂರು ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ, ಅದರ ಕೊನೆಯ ಅರಸರು ಜಯಚಾಮರಾಜೇಂದ್ರ ಒಡೆಯರ್ ಸುಮಾರು 20,000 ರೆಕಾರ್ಡುಗಳನ್ನು ಕೂಡಿಸಿದ್ದರು. 1949ರಲ್ಲಿ ಮೈಸೂರಿಗೆ ಬಂದ ಲಂಡನ್ನಿನ ಹೆಸರಾಂತ ರೆಕಾರ್ಡ್ ನಿರ್ಮಾಪಕ ವಾಲ್ಟರ್ ಲೆಗ್, ಅಲ್ಲಿನ ರೆಕಾರ್ಡ್ ಭಂಡಾರ, ಬಗೆಬಗೆಯ ಸ್ಪೀಕರು, ಹಲವು ಗ್ರ್ಯಾಂಡ್ ಪಿಯಾನೋಗಳನ್ನು ಕಂಡು ಬೆರಗಾಗಿದ್ದರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ತಮ್ಮ ಕೃತಿಗಳನ್ನು ತಾವೇ ಪಿಯಾನೋದಲ್ಲಿ ನುಡಿಸಿ ಎಚ್‌ಎಂವಿಗೆ ಮುದ್ರಿಸಲು ಹಣ ಕೊಟ್ಟವರು ನಮ್ಮ ಮಹಾರಾಜರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಅವರಿಗೇ ಅರ್ಪಿಸಿದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಿಚರ್ಡ್ ಸ್ಟ್ರಾಸರ ಕೊನೆಯ ನಾಲ್ಕು ಗೀತೆಗಳನ್ನು ಕರ್ಸ್ಟನ್ ಫ್ಲಾಗ್‌ಸ್ಟಾಡ್ ಮೊದಲ ಸಲ ಹಾಡಿದಾಗಲೂ 4,800 ಡಾಲರಿನ ಭರವಸೆ ಕೊಟ್ಟವರು ಅವರೇ. ಆ ಕಛೇರಿ ಮುದ್ರಣವಾಗಿ ಮೈಸೂರಿಗೆ ಬರಬೇಕೆಂಬುದು ಅವರ ಆಸೆಯಾಗಿತ್ತು. ಇಂದು ಕೇಳಸಿಗುವ ಆ ಮುದ್ರಣದಲ್ಲಿ ಗೊರಗೊರ ಸದ್ದು ತುಂಬಿದೆ. ಆದರೂ ಒಮ್ಮೆ ಕೇಳಿ. ಆ ಗೊರಗೊರದ ಹಿಂದಿನಿಂದಲೂ ಒಂದು ದೊಡ್ಡ ಕಂಠ ಎದ್ದು ಬರುವುದನ್ನು ಗುರುತಿಸಬಲ್ಲ ಕಿವಿಗೆ ಸ್ವಚ್ಛ ಮುದ್ರಣದ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಕೋಣೆಯ ಮಾತಿಗೆ ಬರೋಣ. ಈಚಿನ ಆರ್‌ಸಿಸಿ ಮನೆಗಳಲ್ಲಿ ನೆಲಕ್ಕೆ ವಿಟ್ರಿಫೈಡ್ ಟೈಲ್ಸು, ಗೋಡೆ ಬೋಳು, ಕಿಟಕಿಗೆ ಗಾಜು. ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ; ಟ್ರಿಂಗ್ ಎಂದು ಮರುದನಿ ಬಂದರೆ ಯಾವ ಆಲ್ಬಂ ಹಾಕಿದರೂ ಅದೇ ಟ್ರಿಂಗ್ ಸೇರಿಕೊಳ್ಳುತ್ತದೆ. ಇದಕ್ಕೆ ದುಬಾರಿ ಫೋಮ್ ಬೇಕಿಲ್ಲ. ನೆಲಕ್ಕೆ ಜಮಖಾನ, ಎದುರು ಗೋಡೆಗೆ ದಪ್ಪ ಕಂಬಳಿ, ಬೆನ್ನ ಹಿಂದೆ ಪುಸ್ತಕದ ಕಪಾಟು ಅಥವಾ ನಿಲ್ಲಿಸಿದ ಹತ್ತಿ ಹಾಸಿಗೆ ಸಾಕು. ಹೆಂಚಿನ ಹಳೆಯ ಮನೆಯವರಿಗೆ ಈ ತೊಂದರೆ ಕಡಿಮೆ. ಎರಡು ಸ್ಪೀಕರು ಮತ್ತು ನಿಮ್ಮ ತಲೆ ಸೇರಿ ಸಮಬಾಹು ತ್ರಿಕೋನವಾಗಲಿ, ಸ್ಪೀಕರಿನ ಸಣ್ಣ ಕೋನು ನಿಮ್ಮ ಕಿವಿಯ ಎತ್ತರಕ್ಕಿರಲಿ. ಗೋಡೆಯಿಂದ ಎರಡು ಮೂರು ಅಡಿ ಮುಂದಕ್ಕೆ ತಂದರೆ ಗುಮ್ಮೆನ್ನುವ ಬೇಸ್ ತಾನಾಗಿಯೇ ಇಳಿಯುತ್ತದೆ, ಮೂಲೆಯಲ್ಲಂತೂ ಇಡಲೇಬೇಡಿ.

ರೆಕಾರ್ಡ್ ಪ್ಲೇಯರ್ ಇಟ್ಟುಕೊಂಡವರಿಗೆ ಚಾಮರಾಜನಗರದಲ್ಲೇ ಒಂದು ಅನುಕೂಲವಿದೆ. ಹೊರದೇಶದ ಸಂಗೀತಪ್ರಿಯರು ಪ್ಲೇಯರಿನ ಕೆಳಗೆ ಇಡಲು ಗ್ರಾನೈಟ್ ಹಲಗೆ ಕೊಳ್ಳುತ್ತಾರೆ. ನಮ್ಮ ಕರಿಕಲ್ಲು ಹಡಗು ಹತ್ತಿ ಹೋಗುವುದೇ ಆ ದೇಶಗಳಿಗೆ, ಇಲ್ಲಿ ಪಾಲಿಶ್ ಆದ ತುಂಡು ಸುಲಭವಾಗಿ ಸಿಗುತ್ತದೆ. ಆದರೆ ಕಲ್ಲೊಂದನ್ನೇ ಇಟ್ಟರೆ ಸಾಲದು, ಬಡಿದರೆ ಅದೂ ಗಂಟೆಯಂತೆ ನುಡಿಯುತ್ತದೆ. ಅರ್ಧ ಗಾಳಿ ತುಂಬಿದ ಮಕ್ಕಳ ಸೈಕಲ್ ಟ್ಯೂಬನ್ನು ಕೆಳಗೆ ಹಾಕಿ ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ಪ್ಲೇಯರ್ ಇಡಿ. ಪಕ್ಕದಲ್ಲಿ ಯಾರು ನಡೆದಾಡಿದರೂ ಮುಳ್ಳು ಹಾರುವುದಿಲ್ಲ.

ಕರೆಂಟಿನ ವಿಚಾರ ಚಿಕ್ಕದು, ಆದರೆ ಬಿಡುವಂತಿಲ್ಲ. ಹಾಡಿಲ್ಲದಾಗಲೂ ಸ್ಪೀಕರಿನಲ್ಲಿ ಹುಂ ಎನ್ನುವ ಸದ್ದಿದ್ದರೆ ಅರ್ಥಿಂಗ್ ನೋಡಿಸಿ. ಕರೆಂಟ್ ಹೋಗಿ ಇನ್ವರ್ಟರ್ ಬಂದ ಕೂಡಲೇ ಗುಂಯ್‌ಗುಟ್ಟಿದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್. ಸಂಗೀತಕ್ಕೆ ಪ್ಯೂರ್ ಸೈನ್ ವೇವ್ ಬೇಕು. ಇನ್ನು ಕಿವಿಯ ಕಾಳಜಿ: ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ ಮೀರಬಾರದು. ಎದುರಿಗಿದ್ದವರು ಮಾತಾಡಲು ದನಿ ಏರಿಸಬೇಕಾದರೆ ವಾಲ್ಯೂಮ್ ಇಳಿಸಿ.

ಕಿವಿಯನ್ನು ಆಗಾಗ ನಿಜದ ಸದ್ದಿಗೆ ಕರೆದೊಯ್ಯಿರಿ. ಆಷಾಢದ ಚಾಮರಾಜೇಶ್ವರ ರಥೋತ್ಸವದಲ್ಲಿ ಮಂಗಳವಾದ್ಯದವರ ಪಕ್ಕದಲ್ಲೇ ನಡೆಯಿರಿ. ಮೈಸೂರಿಗೆ ಹೋದಾಗ ಗಾನಭಾರತಿಯ ವೀಣೆ ಶೇಷಣ್ಣ ಭವನದಲ್ಲಿ ಮುಂದಿನ ಸಾಲಿನಲ್ಲಿ ಕೂತು ಕೇಳಿ. ಚಿಕ್ಕಲ್ಲೂರು ಜಾತ್ರೆಯಲ್ಲಿ ಧ್ವನಿವರ್ಧಕದಿಂದ ದೂರ, ಮರದ ಕೆಳಗೆ ಕೂತು ಮಂಟೇಸ್ವಾಮಿಯ ಕಥೆ ಹಾಡುವ ನೀಲಗಾರರನ್ನು ಹುಡುಕಿ. ಅವರ ತಂಬೂರಿ ಶಾಸ್ತ್ರೀಯ ಸಂಗೀತದ ತಂಬೂರದಂತೆ ಹಿನ್ನೆಲೆಗಷ್ಟೇ ಮೊಳಗುವುದಿಲ್ಲ, ತಾಳವನ್ನೂ ಹಿಡಿಯುತ್ತದೆ; ಗಗ್ಗರದ ಝಲ್ಲು ಅದರೊಳಗೆ ಹೆಣೆದುಕೊಂಡಿರುತ್ತದೆ.

ನನ್ನ ಸಂಕಟವಿರುವುದು ಇಲ್ಲೇ. ಮಂಟೇಸ್ವಾಮಿ, ಮಾದೇಶ್ವರರ ಕಾವ್ಯ ಪುಸ್ತಕವಾಗಿ ಬಂದಿದೆ, ಅನುವಾದವಾಗಿದೆ. ಸದ್ದಾಗಿ ಮಾತ್ರ, ಸಾಂಟಾ ಬಾರ್ಬರಾದ ಆ ಚರ್ಚಿನಲ್ಲಿ ಮೋಹನವೀಣೆಗೆ ಸಿಕ್ಕಂಥ ಎರಡು ಮೈಕಿನ ಮರ್ಯಾದೆ ಅದಕ್ಕೆ ಸಿಕ್ಕಿದ್ದನ್ನು ನಾನು ಕೇಳಿಲ್ಲ. ಕೇಳಿದವುಗಳಲ್ಲಿ ಬಹುಪಾಲು ಕೀಬೋರ್ಡು, ರಿದಮ್ ಪ್ಯಾಡು, ಎಕೋ ಸೇರಿಸಿದವು. ಈಗ ಕೈಯಲ್ಲಿ ಹಿಡಿಯುವ ಸ್ಟೀರಿಯೋ ರೆಕಾರ್ಡರುಗಳು ಬಂದಿವೆ. ಈ ಕೆಲಸವನ್ನು ನಾವೇ ಮಾಡಬಹುದು.

ಜಾತ್ರೆಯ ದಿನ ಬೇಡ, ಹಾಡುವವರು ಬಿಡುವಾಗಿರುವ ದಿನ ಕೇಳಿಕೊಂಡು ಹೋಗಿ. ಒಪ್ಪಿಗೆ ಪಡೆಯಿರಿ, ಸಂಭಾವನೆ ಮೊದಲೇ ಕೊಡಿ. ಹೆಂಚಿನ ಹಜಾರವೋ, ತಗಡಿಲ್ಲದ ಜಗುಲಿಯೋ ಒಳ್ಳೆಯದು. ಪಂಪ್‌ಸೆಟ್ಟು, ಜನರೇಟರು ಹತ್ತಿರ ಇರದಿರಲಿ. ರೆಕಾರ್ಡರನ್ನು ಕೂತ ಗಾಯಕರ ತಲೆಯ ಮಟ್ಟಕ್ಕೆ, ಐದಾರು ಅಡಿ ದೂರದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ವೇವ್ ಫೈಲ್, 24 ಬಿಟ್, 48 ಕಿಲೋಹರ್ಟ್ಸ್ ಆರಿಸಿ. ಆಟೋ ಲೆವೆಲ್ ಆಫ್ ಮಾಡಿ, ಅದು ಮೆಲುದನಿಯನ್ನು ಎತ್ತಿ ಜೋರುದನಿಯನ್ನು ತುಳಿಯುತ್ತದೆ. ಕಂಸಾಳೆಯ ಅತಿ ಜೋರಿನ ಹೊಡೆತಕ್ಕೂ ಲೆವೆಲ್ ಮೀಟರು ಮೈನಸ್ 12 ಡೆಸಿಬೆಲ್ ದಾಟದಂತೆ ಇಟ್ಟುಕೊಳ್ಳಿ. ಒಂದು ನಿಮಿಷ ಪರೀಕ್ಷೆ ಮಾಡಿ, ಹೆಡ್‌ಫೋನಿನಲ್ಲಿ ಕೇಳಿ, ಗಗ್ಗರ ಹಾಡನ್ನು ಮುಚ್ಚುತ್ತಿದ್ದರೆ ರೆಕಾರ್ಡರನ್ನು ಒಂದಡಿ ಪಕ್ಕಕ್ಕೆ ಸರಿಸಿ. ಹಾಡು ಶುರುವಾದ ಮೇಲೆ ಮುಟ್ಟಬೇಡಿ. ಕೆಮ್ಮು, ಕೋಳಿ, ಮಗುವಿನ ಅಳು ಏನು ಬಂದರೂ ನಿಲ್ಲಿಸಬೇಡಿ.

ಮುಗಿದ ಮೇಲೆ ಹಾಡಿದವರ ಕಿವಿಗೇ ಹೆಡ್‌ಫೋನ್ ಹಾಕಿ ಕೇಳಿಸಿ. ತಂಬೂರಿ ಹೀಗಿಲ್ಲ ಎಂದು ಅವರು ಹೇಳಿದರೆ ಆ ಮಾತಿನ ಮುಂದೆ ಬೇರೆ ಪರೀಕ್ಷೆ ಇಲ್ಲ, ಮೈಕಿನ ಜಾಗ ಬದಲಿಸಿ ಇನ್ನೊಂದು ದಿನ ಬನ್ನಿ. ಸರಿ ಎಂದರೆ ಫೈಲಿನ ಹೆಸರಿನಲ್ಲೇ ಹಾಡಿದವರ ಹೆಸರು, ಊರು, ತಾರೀಕು, ಕಥೆಯ ಯಾವ ಸಾಲು (ಭಾಗ) ಎಂಬುದನ್ನು ಬರೆದು ಎರಡು ಪ್ರತಿ ಮಾಡಿ. ಒಂದನ್ನು ಅವರ ಮನೆಯಲ್ಲೇ ಬಿಟ್ಟು ಬನ್ನಿ.